ಬ್ಯಾಗ್ ಕಳೆದರೆ ಎರಡು ಲಕ್ಷ ಸಿಗುತ್ತಾ?

ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಹೋಗಿ ಗಲ್ಫ್ ವಿಮಾನ ಹತ್ತುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಲೇ ಇರುತ್ತದೆ. ಬ್ಯಾಗ್ ಒಂದು ದಿನ ಬರದಿದ್ದರೆ ಸಾಕು, ವಿಮಾನ ಕಂಪನಿ ಎರಡು ಲಕ್ಷ ಕೊಡಲೇಬೇಕಂತೆ. ಅದು ಹಾಗಲ್ಲ. ಕಳಿಸುವವರ ಉದ್ದೇಶ ಒಳ್ಳೆಯದೇ, ಪರಿಹಾರ ಇರುವುದೂ ನಿಜ. ಲೆಕ್ಕ ಮಾತ್ರ ಬೇರೆ.

ವಿದೇಶ ಪ್ರಯಾಣಕ್ಕೆ ಸಾಮಾನ್ಯವಾಗಿ ಅನ್ವಯಿಸುವುದು ದೇಶ-ದೇಶಗಳು ಸೇರಿ ಮಾಡಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದ. ಅದರಲ್ಲಿ ಇರುವುದು ಗರಿಷ್ಠ ಮಿತಿ, ಎಲ್ಲರಿಗೂ ಸಿಗುವ ಮೊತ್ತವಲ್ಲ. ಬ್ಯಾಗಿನಲ್ಲಿದ್ದ ಬಟ್ಟೆಬರೆ ಹತ್ತು ಸಾವಿರದ್ದಾದರೆ ಕೇಳಬೇಕಾದ್ದೂ ಅಷ್ಟೇ, ಅಲ್ವಾ? ಬಿಲ್ ಇದ್ದರೆ ಮಾತು ಗಟ್ಟಿ. ಬ್ಯಾಗ್ ಕಳೆದಿದೆ ಅಂತ ಕಂಪನಿ ಒಪ್ಪಿಕೊಂಡರೆ, ಇಲ್ಲವೇ 21 ದಿನ ಕಳೆದರೂ ಬ್ಯಾಗ್ ಬರದಿದ್ದರೆ, ಅದು ಕಳೆದಂತೆ ಲೆಕ್ಕ. ಹರಿದ, ಒಡೆದ ಬ್ಯಾಗ್ ಕೈಗೆ ಬಂದರೆ 7 ದಿನದೊಳಗೆ ಬರೆದು ದೂರು ಕೊಡಬೇಕು. ತಡವಾಗಿ ಬಂದರೆ, ಬಂದ ದಿನದಿಂದ 21 ದಿನ. ಕೋರ್ಟಿಗೆ ಹೋಗಲು 2 ವರ್ಷದವರೆಗೆ ಅವಕಾಶ.

ಇದನ್ನು ನೀವೇ ನೋಡಬಹುದು. ಮೆಸೇಜಿನಲ್ಲಿ ಕಾಯ್ದೆಯ ಹೆಸರು ಇದೆಯಾ? ಇಲ್ಲದಿದ್ದರೆ ಸುಮ್ನೆ ಮುಂದೆ ಕಳಿಸಬೇಡಿ. ನಮ್ಮ ದೇಶದ 1972ರ ವಿಮಾನ ಸಾಗಣೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಈ ಒಪ್ಪಂದದ ನಿಯಮಗಳಿವೆ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಟಿಕೆಟ್ ಜೊತೆ ಬರುವ ಷರತ್ತುಗಳನ್ನೂ ಓದಿ. ಚಿನ್ನ, ನಗದನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಬೇಡಿ ಅಂತ ಹೆಚ್ಚಿನ ಕಂಪನಿಗಳು ಅಲ್ಲೇ ಬರೆದಿರುತ್ತವೆ.

ಬೆಲ್ಟಿನಲ್ಲಿ ಬ್ಯಾಗ್ ಬರದಿದ್ದರೆ ಹೊರಗೆ ಬರುವ ಮೊದಲೇ ಕೌಂಟರಿನಲ್ಲಿ ದೂರು ಬರೆಸಿ, ಅದರ ಪ್ರತಿ ಇಸಿದುಕೊಳ್ಳಿ. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಆ ಸಣ್ಣ ಬ್ಯಾಗ್ ಚೀಟಿಯನ್ನು ಎಸೆಯಬೇಡಿ.