ಭತ್ತದ ಕಸ ಭತ್ತದ್ದೇ ದಾಯಾದಿ

ಮೊನ್ನೆ ಕಾರಟಗಿ ಹತ್ತಿರ ನಮ್ಮ ಕಾಕಾನ ಗದ್ದೆಗೆ ಹೋಗಿದ್ದೆ. ತೆನೆ ಬಂದ ಸೋನಾ ಮಸೂರಿ ನಡುವೆ ಅಲ್ಲಲ್ಲಿ ಬೆಳೆಗಿಂತ ಗೇಣು ಎತ್ತರಕ್ಕೆ ನಿಂತ ಗಿಡಗಳು. ಮುಟ್ಟಿದರೆ ಸಾಕು, ಕಾಳು ಉದುರುತ್ತವೆ. ಸುಲಿದರೆ ಅಕ್ಕಿ ಕೆಂಪು. ಕಾಡುಭತ್ತ. "ಇದಕ್ಕ ಯಾವ ಎಣ್ಣಿ ಹೊಡೀಲಿ ಹೇಳು? ಇದನ್ನ ಸಾಯಿಸೋ ಎಣ್ಣಿ ನೆಲ್ಲನ್ನೂ ಸಾಯಿಸ್ತದ" ಅಂದರು ಕಾಕಾ. ಎಣ್ಣಿ ಅಂದರೆ ಕಳೆನಾಶಕ. ಅದಕ್ಕೆ ಸಾಯದ ಭತ್ತದ ತಳಿ ಬಂದರೆ ಕಷ್ಟ ತಪ್ಪೀತು ಅನಿಸುತ್ತದೆ.

ಅಂಥ ತಳಿಯ ಮಾತಲ್ಲಿ ಕುಲಾಂತರಿ (ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆ) ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಬಿಟಿ ಹತ್ತಿ ಮಾತು ತೆಗೆಯುತ್ತಾರೆ. ದೇಶದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಅದರ ಜೀನ್ ಹೊಲದ ಕಸಕ್ಕೆಲ್ಲ ಸೇರುತ್ತದೆ ಅನ್ನೋರಿದ್ದಾರೆ. ಸೇರಲ್ಲ. ಹತ್ತಿಗೂ ಕರಿಕಿ ಹುಲ್ಲಿಗೂ ಏನು ಸಂಬಂಧ? ಜವಾರಿ ಹತ್ತಿ ಜೊತೆ ಕೂಡ ಸುಲಭಕ್ಕೆ ಕೂಡಲ್ಲ, ಬಿಟಿಯ ಕ್ರೋಮೋಸೋಮ್ 52, ಜವಾರಿಯದ್ದು 26.

ನನಗೆ ಭಯ ಇರೋದು ಭತ್ತದ್ದು. ಕಾಡುಭತ್ತ ಅದರದ್ದೇ ಜಾತಿ, ಒಟ್ಟಿಗೆ ಹೂ ಬಿಟ್ಟರೆ ಕೂಡಿಕೊಳ್ಳುತ್ತದೆ. ಹಾಗೆ ಕೂಡೋದು ನೂರಕ್ಕೆ ಒಂದಕ್ಕಿಂತ ಕಡಿಮೆ, ನಿಜ. ಆದರೆ ಒಂದು ಎಕರೆಯಲ್ಲಿ ಎಷ್ಟು ತೆನೆ ಇರುತ್ತವೆ ಲೆಕ್ಕ ಹಾಕಿ. ಕಳೆನಾಶಕ ತಡೆಯೋ ತಳಿ ಬಿತ್ತಿದರೆ, ಆ ಗುಣ ಸೇರಿದ ನಾಲ್ಕು ಕಾಡು ಗಿಡ ಸಾಕು. ಮುಂದಿನ ಸಲ ಎಣ್ಣೆ ಹೊಡೆದಾಗ ಉಳಿಯೋದು ಅವೇ, ಉದುರೋದು ಅವುಗಳ ಕಾಳೇ, ಮಣ್ಣಲ್ಲಿ ವರ್ಷಗಟ್ಟಲೆ ಮಲಗಿ ಮೊಳೆಯೋದೂ ಅವೇ.

ಅಮೆರಿಕದಲ್ಲಿ ಹೀಗೇ ಆಗಿದೆ. 2002ರಲ್ಲಿ ಕಳೆನಾಶಕ ತಡೆಯೋ ಕ್ಲಿಯರ್‌ಫೀಲ್ಡ್ ಅನ್ನೋ ಭತ್ತ ಬಂತು, ಕೆಲವೇ ವರ್ಷಕ್ಕೆ ಅಲ್ಲಿನ ಕಾಡುಭತ್ತವೂ ಅದೇ ಎಣ್ಣೆಗೆ ಜಗ್ಗದಂತಾಯಿತು. ಅದು ಕುಲಾಂತರಿ ಅಲ್ಲ, ಮ್ಯುಟೇಶನ್‌ನಿಂದ, ಅಂದರೆ ಭತ್ತದ್ದೇ ಜೀನ್ ಬದಲಾಗಿ ಬಂದ ತಳಿ. ಆದರೆ ಪರಾಗಕ್ಕೆ ಆ ವ್ಯತ್ಯಾಸ ಎಲ್ಲಿ ಗೊತ್ತು? ಕೆನಡಾದ ಕ್ವಿಬೆಕ್‌ನಲ್ಲಂತೂ ಕನೋಲಾ ಅನ್ನೋ ಎಣ್ಣೆಕಾಳಿನ ಕುಲಾಂತರಿ ತಳಿಯಿಂದ ಕಳೆನಾಶಕ ತಡೆಯೋ ಜೀನ್ ಸಾಸಿವೆ ಜಾತಿಯ ಕಳೆಗೆ ಸೇರಿ, ಕಳೆನಾಶಕ ಬೀಳದ ಜಾಗದಲ್ಲೂ ಆರು ವರ್ಷ ಉಳಿದಿತ್ತು.

2021ರಲ್ಲಿ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆ ಕಳೆನಾಶಕ ತಡೆಯೋ ಎರಡು ಬಾಸ್ಮತಿ ಬಿಡುಗಡೆ ಮಾಡಿದೆ. ಅವೂ ಕುಲಾಂತರಿ ಅಲ್ಲ. ನಾಳೆ ಸೋನಾ ಮಸೂರಿಯಲ್ಲಿ ಅಂಥದ್ದು ಬಂದರೆ ನಮ್ಮವರು ಕೊಂಡೇ ಕೊಳ್ಳುತ್ತಾರೆ. ಆಳು ಸಿಗ್ತಿಲ್ಲ, ನಾಟಿ ಬಿಟ್ಟು ಕೂರಿಗೆ ಬಿತ್ತನೆ ಮಾಡೋರು ಜಾಸ್ತಿ, ಮೊದಲಿನ ಹಾಗೆ ನಿಂತ ನೀರು ಕಾಡುಭತ್ತವನ್ನ ತಡೆಯಲ್ಲ. ಕೊಳ್ಳೋರನ್ನ ನಾನು ಬೈಯಲ್ಲ. ಆದರೆ ಕೊಳ್ಳದವನ ಗತಿ ಏನು? ಕೊಯ್ಯೋ ಮಷೀನು ಒಬ್ಬರ ಗದ್ದೆಯ ಕಾಳನ್ನ ಇನ್ನೊಬ್ಬರ ಗದ್ದೆಗೆ ಹೊತ್ತು ತರುತ್ತದೆ, ಕಾಲುವೆ ನೀರೂ ತರುತ್ತದೆ. ಅಂಥ ತಳಿ ಇಲ್ಲಿಗೆ ತರೋ ಮುಂಚೆ ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲೇ ಎಷ್ಟು ಕೂಡುತ್ತದೆ ಅಂತ ನಾಲ್ಕಾರು ಬೆಳೆ ಪರೀಕ್ಷೆ ಮಾಡಿ, ಏನು ಕಂಡಿತೋ ಅದನ್ನ ಕನ್ನಡದಲ್ಲಿ ಬರೆದು ನಮ್ಮ ಕಾಕಾನಂಥವರ ಕೈಗೆ ಕೊಡಿ.