ಲೈಕ್ ಬೀಳದ ಮರಕುಟಿಗ

ಹಕ್ಕಿ ಫೋಟೋ ಗ್ರೂಪುಗಳಲ್ಲಿ ಮರಕುಟಿಗ ಅಂದರೆ ಹೊನ್ನ ಬೆನ್ನು, ಕೆಂಪು ಜುಟ್ಟು ಇರಲೇಬೇಕು. ಕಂದು ಮರಕುಟಿಗದ ಫೋಟೋ ಹಾಕಿ ನೋಡಿ, ಯಾರೂ ತಿರುಗಿ ನೋಡುವುದಿಲ್ಲ. ಮೈಯೆಲ್ಲ ಕೆಂಗಂದು, ಮೇಲೆ ಕಪ್ಪು ಅಡ್ಡಗೆರೆ, ಗಂಡಿಗೆ ಕಣ್ಣಿನ ಕೆಳಗೆ ಒಂಚೂರು ಕೆಂಪು. ಅಷ್ಟೇ ಅದರ ಶೃಂಗಾರ. ಉದ್ದ ಸುಮಾರು 25 ಸೆಂ.ಮೀ. ಆದರೆ ನನ್ನ ಕೇಳಿದರೆ, ಪಶ್ಚಿಮ ಘಟ್ಟದ ಮರಕುಟಿಗಗಳಲ್ಲಿ ಇದರಷ್ಟು ಗುಂಡಿಗೆ ಇನ್ನೊಂದಕ್ಕಿಲ್ಲ.

ಉಳಿದವು ಮರ ಕೊರೆದು ಗೂಡು ಮಾಡಿಕೊಳ್ಳುತ್ತವೆ. ಇದು ಇರುವೆ ಗೂಡನ್ನೇ ಕೊರೆಯುತ್ತದೆ. ಬಿಟ್ಟುಹೋದ ಗೂಡಲ್ಲ, ಇರುವೆ ಗಿಜಿಗುಡುವ ಗೂಡು! ಹೊಟ್ಟೆಯ ತುದಿಯನ್ನು ಮೇಲೆತ್ತಿಕೊಂಡು ಓಡಾಡುವ ಸಣ್ಣ ಇರುವೆ ತೋಟದವರಿಗೆಲ್ಲ ಗೊತ್ತು. ವಿಜ್ಞಾನದವರು ಕ್ರೆಮಟೋಗ್ಯಾಸ್ಟರ್ ಅನ್ನುತ್ತಾರೆ. ಗಿಡದ ನಾರು ಜಗಿದು, ಕೊಂಬೆಗೆ ಮೆತ್ತಿ ಮೆತ್ತಿ ಕಟ್ಟಿದ ಕಂದು ಗೂಡು. ಕೈ ತಾಗಿತೋ, ತೋಳಿನವರೆಗೂ ಹತ್ತಿ ಕಚ್ಚುತ್ತವೆ. ಅಂಥದ್ದರ ನಡುವೆ ತೂತು ಕೊರೆದು ಈ ಹಕ್ಕಿ ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ ಇಡುತ್ತದೆ. ಚಿಪ್ಪು ಬಹಳ ತೆಳು. ಗಂಡು ಹೆಣ್ಣು ಸೇರಿ ಮರಿ ಸಾಕುತ್ತವೆ. ಮುಖ್ಯ ಊಟವೂ ಇದೇ ಇರುವೆ, ಅದರ ಮೊಟ್ಟೆ ಮರಿ. ಬಾಡಿಗೆ ಕೊಡುವುದಿರಲಿ, ಮನೆ ಮಾಲೀಕರನ್ನೇ ತಿನ್ನುವ ಬಾಡಿಗೆದಾರ.

ಇದರ ಗರಿಗಳಿಗೆ ಜಿಗುಟು ಅಂಟಿರುತ್ತದೆ, ಒಂಥರಾ ವಾಸನೆ ಬೇರೆ. ಬಾಲದ ಗರಿಗಳಲ್ಲಿ ಇರುವೆಯ ತಲೆಗಳು ಸಿಕ್ಕಿಕೊಂಡಿರುತ್ತವೆ: ಕಚ್ಚಿ ಹಿಡಿದ ಇರುವೆ ಸತ್ತು ಮೈ ಉದುರಿದರೂ ತಲೆ ಮಾತ್ರ ಬಿಟ್ಟಿಲ್ಲ.

ದೂರದ ದಕ್ಷಿಣ ಅಮೆರಿಕದಲ್ಲಿ ಇದನ್ನೇ ಹೋಲುವ ಕಂದು ಮರಕುಟಿಗಗಳಿವೆ. ಹೋಲಿಕೆ ನಂಬಿ ಬಹುಕಾಲ ನಮ್ಮದನ್ನೂ ಅವುಗಳ ಸೀಲಿಯಸ್ ಕುಲಕ್ಕೇ ಸೇರಿಸಿದ್ದರು. ಡಿಎನ್‌ಎ ನೋಡಿದ ಮೇಲೆ ಸಂಬಂಧ ಹತ್ತಿರದ್ದಲ್ಲ ಅಂತಾಯಿತು. ಈಗ ಇದು ಮೈಕ್ರೊಪ್ಟರ್ನಸ್ ಅನ್ನುವ ಬೇರೆ ಕುಲ.

ಬರೀ ಇರುವೆ ಅಂತಲ್ಲ, ಹಾಲುವಾಣ, ಬೂರುಗ ಹೂಬಿಟ್ಟಾಗ ಮಕರಂದಕ್ಕೂ ಬರುತ್ತದೆ. ಕುಟ್ಟುವ ಸದ್ದೂ ಬೇರೆ: ಜೋರಾಗಿ ಶುರುವಾಗಿ, ನಿಧಾನವಾಗುತ್ತಾ ಹೋಗಿ ನಿಲ್ಲುತ್ತದೆ. ಒಮ್ಮೆ ಕಿವಿಗೆ ಹಿಡಿದರೆ ಮತ್ತೆ ತಪ್ಪುವುದಿಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ಮರ ಉಳಿಸಿದರೆ ಮರಕುಟಿಗ ಉಳಿಯುತ್ತದೆ ಅಂತ ನಾವೆಲ್ಲ ಭಾಷಣ ಮಾಡುತ್ತೇವೆ. ಈ ಹಕ್ಕಿಗೆ ಮರವೊಂದೇ ಸಾಲದು, ಮರದಲ್ಲಿ ಇರುವೆ ಗೂಡೂ ಬೇಕು. ಪಕ್ಕದ ಕೇರಳದ ವಯನಾಡಿನಲ್ಲಿ ಮರದ ನೆರಳಲ್ಲಿ ಬೆಳೆಯುವ ಕಾಫಿ ತೋಟಗಳ ಬಗ್ಗೆ 2008ರಲ್ಲಿ ಬಂದ ಬರಹವೊಂದು ಇದೇ ಇರುವೆಗಳು ಕಂದು ಮರಕುಟಿಗಕ್ಕೂ ಬೇರೆ ಕಾಡುಹಕ್ಕಿಗಳಿಗೂ ಎಷ್ಟು ಮುಖ್ಯ ಆಹಾರ ಅಂತ ತೋರಿಸಿತ್ತು. ನಾವೋ, ಗೂಡು ಕಂಡರೆ ಸಾಕು, ಕತ್ತಿ ಇಲ್ಲವೇ ಔಷಧಿ.

ಬೆಳೆಗಾರರ ಕಷ್ಟ ಸುಳ್ಳಲ್ಲ. ಕಾಫಿ ಗಿಡದ ರಸ ಹೀರುವ ಹಿಟ್ಟು ತಿಗಣೆ ಸುರಿಸುವ ಸಿಹಿ ರಸಕ್ಕಾಗಿ ಇರುವೆ ಅದನ್ನು ಕಾಯುತ್ತದೆ, ತಿಗಣೆ ತಿನ್ನಲು ಬಂದ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಹಾಗಾಗಿ ಕಾಫಿ ಗಿಡದಲ್ಲೇ ಗೂಡು ಕಟ್ಟಿದ್ದರೆ ತೆಗೆಯಿರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಎತ್ತರದ ನೆರಳು ಮರದ ತುದಿ ಕೊಂಬೆಯಲ್ಲಿರುವ ಗೂಡಿನ ತಂಟೆಗೆ ಯಾಕೆ ಹೋಗಬೇಕು?

ಅದರಲ್ಲೂ ಸಮಯ ನೋಡಿ. ಹಕ್ಕಿ ಮರಿ ಮಾಡುವುದು ಹೆಚ್ಚಾಗಿ ಫೆಬ್ರವರಿಯಿಂದ ಜೂನ್ ಒಳಗೆ. ನಾವು ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲು, ಆಳು ಹುಡುಕುವುದು ಮಳೆ ಹಿಡಿಯುವ ಮುಂಚೆ. ಮರಿ ಇರುವ ಗೂಡು ಕೊಂಬೆ ಸಮೇತ ಕೆಳಗೆ ಬೀಳುವುದು ಆಗಲೇ. ಗೂಡಿರುವ ಆ ಒಂದು ಕೊಂಬೆ ಬಿಟ್ಟು ಉಳಿದದ್ದು ಕಡಿಯಿರಿ ಅಂತ ಮರ ಹತ್ತುವವರಿಗೆ ಹೇಳಿ ನೋಡಿ. ಅವರಂತೂ ಎರಡನೇ ಮಾತಾಡುವುದಿಲ್ಲ. ಕಚ್ಚಿಸಿಕೊಳ್ಳುವವರು ಅವರು ತಾನೇ!