ಎಂಟಿಂಚು ಬರುತ್ತೆ ಅಂದಿದ್ರಲ್ಲ!

ಇವತ್ತು ಬೆಳಗ್ಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆಗಳ ಮುಂದೆ ಬಿದ್ದಿರುವುದನ್ನು ಹಿಮ ಅನ್ನಲು ನಾಲಿಗೆ ಏಳುತ್ತಿಲ್ಲ. ಅದು ನೀರು ಜಾಸ್ತಿಯಾದ ಗಂಜಿ. ಮೊನ್ನೆ ರಾತ್ರಿ ಫೋನಿನಲ್ಲಿ ಹಿಮದ ಮುನ್ಸೂಚನೆ 8ರಿಂದ 12 ಇಂಚು ಇತ್ತು. ನಿನ್ನೆ ಕಾಫಿ ಹೊತ್ತಿಗೆ 5ರಿಂದ 8 ಆಯಿತು, ಸಂಜೆಗೆ 2ರಿಂದ 4. ಆಷಾಢದ ಸೀರೆ ಅಂಗಡಿಯ ಬೆಲೆ ಕೂಡ ಇಷ್ಟು ಬೇಗ ಇಳಿಯುವುದಿಲ್ಲ. ಕೊನೆಗೆ ಬಿದ್ದದ್ದು ಒಂದೂವರೆ ಇಂಚು, ಅದರ ಮೇಲೆ ಮಳೆ. ಈಗ ಮನೆಮನೆಯ ಗ್ಯಾರೇಜಿನಲ್ಲಿ ಹಿಮ ಕರಗಿಸುವ ಉಪ್ಪಿನ 50 ಪೌಂಡ್ ಚೀಲಗಳು ಗೋಡೆಗೊರಗಿ ಕೂತಿವೆ, ಫ್ರಿಜ್ಜಿನಲ್ಲಿ ಮೂರು ಗ್ಯಾಲನ್ ಹಾಲಿದೆ. ಮೂರು ಗ್ಯಾಲನ್ ಅಂದರೆ ಹನ್ನೊಂದು ಲೀಟರಿಗೂ ಮೇಲೆ. ಮದುವೆ ಮನೆಯಲ್ಲ, ನಾಲ್ಕು ಜನರ ಸಂಸಾರ. ಮುಂದಿನ ಒಂದು ವಾರ ಈ ಕಡೆ ಯಾರ ಮನೆಗೆ ಹೋದರೂ ಪಾಯಸ ಗ್ಯಾರಂಟಿ.

ಹಾಲಾದರೂ ಸಿಕ್ಕಿತು. ಬಿರುಗಾಳಿಯ ಸುದ್ದಿ ಬಂದ ಸಂಜೆ ಓಕ್ ಟ್ರೀ ರಸ್ತೆಯ ದೇಸಿ ಅಂಗಡಿಗಳಲ್ಲಿ ಮೊದಲು ಖಾಲಿಯಾಗುವುದು ಕೊತ್ತಂಬರಿ ಸೊಪ್ಪು. ಅಮೆರಿಕನ್ನರು ಬ್ರೆಡ್ಡು, ಮೊಟ್ಟೆಗೆ ಬಡಿದಾಡುತ್ತಾರೆ. ನಮ್ಮವರು ಪ್ರಳಯ ಬಂದರೂ ಒಗ್ಗರಣೆ ತಪ್ಪಬಾರದು ಅಂತ ಹಸಿಮೆಣಸಿನಕಾಯಿ, ಕರಿಬೇವು ತುಂಬಿಕೊಳ್ಳುತ್ತಾರೆ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಎಚ್ಚರಿಕೆಗಳ ಭಾಷೆಯೇ ಅರ್ಥವಾಗುವುದಿಲ್ಲ. ವಾಚ್, ವಾರ್ನಿಂಗ್, ಅಡ್ವೈಸರಿ. ವಾಚ್ ಅಂದರೆ ಗಡಿಯಾರವಲ್ಲ. ಜಾತಕ ಕೂಡಿದೆ, ಮಾತುಕತೆ ನಡೀತಿದೆ, ಆಗಬಹುದು ಅಂತ ಅರ್ಥ. ವಾರ್ನಿಂಗ್ ಅಂದರೆ ಲಗ್ನಪತ್ರಿಕೆ ಅಚ್ಚಾಗಿದೆ, ಛತ್ರಕ್ಕೆ ಮುಂಗಡ ಕೊಟ್ಟಾಗಿದೆ. ಉತ್ತರ ಜೆರ್ಸಿಯ ಕಡೆ ಹನ್ನೆರಡು ಗಂಟೆಯಲ್ಲಿ ಸುಮಾರು 6 ಇಂಚು ಬೀಳುವ ಲಕ್ಷಣವಿದ್ದರೆ ಇದು ಬರುತ್ತದೆ. ಅಡ್ವೈಸರಿ ಅಂದರೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರಳ ವಿವಾಹ. ಊಟವಿಲ್ಲ, ಆದರೆ ಸಹಿ ಹಾಕಲು ಹೋಗುವಾಗ ಜಾರಿ ಬೀಳಬಹುದು.

ಇದರ ಮೇಲೆ ಇನ್ನೊಂದು ಪೇಚು. ನ್ಯೂಜೆರ್ಸಿಯ ಬಹುಪಾಲು ಜಿಲ್ಲೆಗಳಿಗೆ ಭವಿಷ್ಯ ಹೇಳುವುದು ಮೌಂಟ್ ಹಾಲಿಯ ಸರ್ಕಾರಿ ಹವಾಮಾನ ಕಚೇರಿ, ಈಶಾನ್ಯದ ಐದು ಜಿಲ್ಲೆಗಳಿಗೆ ನ್ಯೂಯಾರ್ಕಿನ ಅಪ್ಟನ್ ಕಚೇರಿ. ಎಡಿಸನ್ ಇರುವ ಮಿಡ್ಲ್‌ಸೆಕ್ಸ್ ಒಬ್ಬರ ಪಾಲು, ಪಕ್ಕದ ಯೂನಿಯನ್ ಜಿಲ್ಲೆ ಇನ್ನೊಬ್ಬರ ಪಾಲು. ಹಾಗಾಗಿ ಕೆಲವು ಸಲ ನಕ್ಷೆಯಲ್ಲಿ ಜಿಲ್ಲೆಯ ಗಡಿಗೆ ಸರಿಯಾಗಿ ಬಣ್ಣ ಬದಲಾಗುತ್ತದೆ. ಹಿಮವೂ ಅಲ್ಲಿ ಚೆಕ್‌ಪೋಸ್ಟಿನಲ್ಲಿ ನಿಂತು ಕಾಗದ ಪತ್ರ ತೋರಿಸಿ ಒಳಗೆ ಬರುತ್ತದೆ ಅನ್ನುವ ಹಾಗೆ.

ತಪ್ಪುವುದು ಯಾಕೆ ಅನ್ನುವುದಕ್ಕೆ ಕಾರಣವೇನೋ ಇದೆ, ಸಿಟ್ಟು ಇಳಿದ ಮೇಲೆ ಒಪ್ಪಿಕೊಳ್ಳಬಹುದು. ಚಳಿಗಾಲದ ದೊಡ್ಡ ಬಿರುಗಾಳಿಗಳು ಕರಾವಳಿಯ ಪಕ್ಕದಲ್ಲೇ ಈಶಾನ್ಯಕ್ಕೆ ಏರುತ್ತವೆ. ಮ್ಯಾಸಚೂಸೆಟ್ಸ್‌ನ ನಾಂಟಕೆಟ್ ದ್ವೀಪದ ದಕ್ಷಿಣಕ್ಕೆ ಸಮುದ್ರದ ಮಧ್ಯೆ 40 ಡಿಗ್ರಿ ಉತ್ತರ, 70 ಡಿಗ್ರಿ ಪಶ್ಚಿಮ ಅಂತ ಒಂದು ಬಿಂದುವಿದೆ. ಬಿರುಗಾಳಿಯ ಕೇಂದ್ರ ಅದರ ಆಸುಪಾಸು ಹಾದರೆ ಈ ನಗರಗಳಿಗೆ ಹಿಮ. ಐವತ್ತು ಮೈಲಿ ನೆಲದ ಕಡೆ ವಾಲಿದರೆ ಸಮುದ್ರದ ಬಿಸಿಗಾಳಿ ಒಳಗೆ ನುಗ್ಗಿ ಮಳೆ. ಐವತ್ತು ಮೈಲಿ ಆಚೆ ಹೋದರೆ ಏನೂ ಇಲ್ಲ, ಬರೀ ಗಾಳಿ. ಮಳೆ ಮತ್ತು ಹಿಮದ ನಡುವಿನ ಗೆರೆ ಎಷ್ಟೋ ಸಲ ಐ-95 ಹೆದ್ದಾರಿಯ ಮೇಲೇ ಕೂರುತ್ತದೆ. ನಮ್ಮವರು ಮನೆ ಕೊಂಡಿರುವುದೂ ಅದರ ಎರಡು ದಂಡೆಗಳಲ್ಲೇ. ಇನ್ನು ಐದು ಸಾವಿರ ಅಡಿ ಎತ್ತರದಲ್ಲಿ ಸೊನ್ನೆ ಸೆಲ್ಸಿಯಸ್‌ಗಿಂತ ಒಂದು ಡಿಗ್ರಿ ಬೆಚ್ಚಗಿನ ಗಾಳಿಯ ಪದರವೊಂದು ನುಸುಳಿದರೆ ಸಾಕು. ಹತ್ತಿಯಂತೆ ಇಳಿಯುತ್ತಿದ್ದ ಹಿಮ ಅಲ್ಲಿ ಕರಗಿ, ಕೆಳಗಿನ ಚಳಿಯಲ್ಲಿ ಮತ್ತೆ ಗಟ್ಟಿಯಾಗಿ, ಸಬ್ಬಕ್ಕಿ ಕಾಳಾಗಿ ಕಿಟಕಿಗೆ ಟಪಟಪ ಬಡಿಯುತ್ತದೆ. ಒಂದು ಇಂಚು ನೀರು ಒಳ್ಳೆಯ ಹಿಮವಾದರೆ ಸುಮಾರು 10 ಇಂಚು, ಸಬ್ಬಕ್ಕಿಯಾದರೆ 2 ಅಥವಾ 3. ಅಡುಗೆ ಸಾಮಾನು ಅಷ್ಟೇ, ಪಾಕ ಕೆಟ್ಟಿತು.

ಇಷ್ಟನ್ನು ಹವಾಮಾನ ಕಚೇರಿಯವರು ಪಾಪ ಮುಚ್ಚಿಡುವುದಿಲ್ಲ. ಅತಿ ಕಡಿಮೆಯಾದರೆ ಇಷ್ಟು, ನಿರೀಕ್ಷೆ ಇಷ್ಟು, ಹತ್ತರಲ್ಲಿ ಒಂದು ಪಾಲು ಸಾಧ್ಯತೆಯಲ್ಲಿ ಇಷ್ಟು ಅಂತ ಮೂರು ನಕ್ಷೆ ಹಾಕುತ್ತಾರೆ. ತೊಂದರೆ ಬರುವುದು ಆ ಮೂರರಲ್ಲಿ ಮೂರನೆಯದನ್ನು ಮಾತ್ರ ಎತ್ತಿಕೊಳ್ಳುವ ಮನುಷ್ಯನಿಂದ.

ಈ ಮನುಷ್ಯ ಇಲ್ಲದ ಕನ್ನಡ ವಾಟ್ಸಾಪ್ ಗುಂಪಿಲ್ಲ. ಮ್ಯಾಪ್ ಮಾವ ಅನ್ನೋಣ. ಹಗಲು ಡೇಟಾಬೇಸು, ರಾತ್ರಿ ಹವಾಮಾನ. ಹವಾಮಾನದ ಲೆಕ್ಕ ಹಾಕುವ ಅಮೆರಿಕದ ಕಂಪ್ಯೂಟರ್ ಮಾಡೆಲ್ ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಓಡುತ್ತದೆ. ಸಂಜೆ ಏಳರ ಲೆಕ್ಕದ ಫಲಿತಾಂಶ ಹೊರಬೀಳುವುದು ರಾತ್ರಿ ಹತ್ತೂವರೆಯ ಮೇಲೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತು, ಟೀಮಿನ ಜತೆ ಮೀಟಿಂಗು. ದೇವರೇ ಕೂಡಿಸಿದ ಮುಹೂರ್ತ. ಒಂದು ಪರದೆಯಲ್ಲಿ ಹುಡುಗರು 'ಸಾರ್, ಬಿಲ್ಡ್ ಒಡೆದುಹೋಗಿದೆ' ಅನ್ನುತ್ತಿದ್ದರೆ, ಮ್ಯೂಟ್‌ನಲ್ಲಿರುವ ಮಾವ ಇನ್ನೊಂದು ಪರದೆಯಲ್ಲಿ ವರ್ಜೀನಿಯಾದ ಕರಾವಳಿಯಲ್ಲಿ ಹುಟ್ಟುತ್ತಿರುವ ವಾಯುಭಾರ ಕುಸಿತವನ್ನು ಮೊಮ್ಮಗುವನ್ನು ನೋಡುವ ಹಾಗೆ ನೋಡುತ್ತಿರುತ್ತಾರೆ. ಹತ್ತು ದಿನ ಮುಂಚಿನ ನಕ್ಷೆ ಅದು. ಹತ್ತು ದಿನದ ಲೆಕ್ಕದಲ್ಲಿ ಬಿರುಗಾಳಿಯ ಜಾಗ ನೂರಾರು ಮೈಲಿ ಆಚೀಚೆ ಆಗುತ್ತದೆ ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಕ್ಷೆಯಲ್ಲಿ ಭಾರೀ ಹಿಮದ ನೇರಳೆ ಬಣ್ಣ ಕಂಡರೆ ಕೈ ತಡೆಯುವುದಿಲ್ಲ. ಫಾರ್ವರ್ಡ್. ಕೆಳಗೆ ಎರಡೇ ಶಬ್ದ: 'ಹುಷಾರಾಗಿರಿ, ಸ್ನೇಹಿತರೇ.'

ಆ ನೇರಳೆ ಬಣ್ಣದ ಒಳಗುಟ್ಟು ಬೇರೆ ಇದೆ. ಪುಕ್ಕಟೆ ಸಿಗುವ ಹಿಮದ ನಕ್ಷೆಗಳಲ್ಲಿ ಕೆಲವು, ಆಕಾಶದಿಂದ ಬೀಳುವ ಸಬ್ಬಕ್ಕಿಯನ್ನೂ ಹಿಮವೆಂದೇ ಎಣಿಸಿ ಹತ್ತರಿಂದ ಗುಣಿಸಿಬಿಡುತ್ತವೆ. ಇನ್ನು ಕೆಲವಕ್ಕೆ ಕುಚೇರಾ ಅಂತ ಬೇರೆ ಲೆಕ್ಕ. ಗಾಳಿ ಎಷ್ಟು ತಣ್ಣಗಿದೆಯೋ ಅದರ ಮೇಲೆ ಗುಣಿಸುವ ಅಂಕಿ ಏರುತ್ತದೆ. ಮಾವ ಎರಡನ್ನೂ ತೆರೆದು ನೋಡಿ, ಯಾವುದರಲ್ಲಿ ಎಡಿಸನ್‌ಗೆ ಜಾಸ್ತಿಯಿದೆಯೋ ಅದನ್ನು ಆರಿಸುತ್ತಾರೆ. ಸೊಸೆ ಹುಡುಕುವಾಗಲೂ ಇಷ್ಟು ಫೋಟೋ ತಿರುವಿ ಹಾಕಿರಲಾರರು. ಮಲಗುವಂತೆಯೂ ಇಲ್ಲ, ಯೂರೋಪಿನ ಮಾಡೆಲ್ ಬರುವುದು ನಡುರಾತ್ರಿ ಕಳೆದು ಒಂದರ ಸುಮಾರಿಗೆ. 2012ರ ಸ್ಯಾಂಡಿ ಚಂಡಮಾರುತ ಈ ಕಡೆಗೇ ತಿರುಗುತ್ತದೆ ಅಂತ ಅದು ಮುಂಚೆಯೇ ಹಿಡಿದಿತ್ತು. ಅಂದಿನಿಂದ ಅದರ ಮಾತು ಮಾವನಿಗೆ ವೇದವಾಕ್ಯ. ವೇದವಾಕ್ಯದಲ್ಲಿ ಹಿಮ ಕಡಿಮೆಯಿದ್ದರೆ ಮಾತ್ರ ಜಿಎಫ್‌ಎಸ್ ಪುರಾಣ.

ಗುಂಪಿನಲ್ಲಿ ಬೆಳಗ್ಗೆ ಭಕ್ತರ ಸಾಲು.

'ಗುರುಗಳೇ, ನಮ್ಮ ಪ್ಲೇನ್ಸ್‌ಬೊರೊಗೆ ಎಷ್ಟಾಗಬಹುದು?'

'ಸದ್ಯಕ್ಕೆ ಏಳು. ಮಧ್ಯಾಹ್ನದ ರನ್ ಬರಲಿ.'

'ಗುರುವಾರ ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ. ಮುಂದೂಡೋದಾ?'

'ಮುಂದೂಡಿ ಸಾರ್, ರಿಸ್ಕ್ ಯಾಕೆ.'

ಪೂಜೆ ಮುಂದೆ ಹೋಗುತ್ತದೆ. ಗುರುವಾರ ಬಿಸಿಲು ಬರುತ್ತದೆ. ಗುಂಪಿನಲ್ಲಿ ಗುರುಗಳ ಸುಳಿವೇ ಇಲ್ಲ. ಸಂಜೆ ಯಾರೋ ಕೆಣಕಿದ ಮೇಲೆ ಉತ್ತರ: 'ಡ್ರೈ ಸ್ಲಾಟ್ ನುಗ್ಗಿಬಿಡ್ತು.' ಒಣಗಾಳಿ ಒಳಗೆ ಹೊಕ್ಕು ಮೋಡವನ್ನೇ ತಿಂದುಹಾಕಿತು ಅಂತ ಅರ್ಥ. ಇದು ನಿಜಕ್ಕೂ ಆಗುವ ಸಂಗತಿಯೇ. ಆದರೆ ಮಾವ ಅದನ್ನು ಹೇಳುವ ದನಿ, ಹೆಣ್ಣು ಒಪ್ಪಿತ್ತು, ಸೋದರಮಾವ ಅಡ್ಡ ಬಂದ ಅನ್ನುವ ದಲ್ಲಾಳಿಯದು. ಹತ್ತರಲ್ಲಿ ಒಂದು ಸಲ ಹೇಳಿದ್ದು ಬಿತ್ತೋ, ಮುಂದಿನ ಯುಗಾದಿ ಕಾರ್ಯಕ್ರಮದವರೆಗೂ 'ನಾನು ಹೇಳಿರ್ಲಿಲ್ವಾ?'

ಊರಿನ ಪಂಚಾಂಗ ಇದಕ್ಕಿಂತ ಜಾಣ. ಆರಿದ್ರಾ ಮಳೆ, ಪುನರ್ವಸು ಮಳೆ ಅಂತ ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ ಬಿಟ್ಟುಕೊಟ್ಟಿದೆ, ಇಂಚಿನ ಮಾತೇ ಎತ್ತಿಲ್ಲ. ತಪ್ಪುವುದಾದರೂ ಹೇಗೆ? ಹಲ್ಲಿ ಲೊಚಗುಟ್ಟಿದರೆ ಕೃಷ್ಣ ಕೃಷ್ಣ ಅನ್ನುವ ನಮ್ಮನ್ನು ನೋಡಿ ನಗುವ ದೇಶವೂ ಕಡಿಮೆಯೇನಲ್ಲ. 1887ರಿಂದ ಪ್ರತಿ ಫೆಬ್ರವರಿ 2ಕ್ಕೆ ಪೆನ್ಸಿಲ್ವೇನಿಯಾದ ಪಂಕ್ಸಟಾನಿಯಲ್ಲಿ ಗ್ರೌಂಡ್‌ಹಾಗ್ ಎಂಬ ಹೆಗ್ಗಣದ ಅಣ್ಣನಂಥ ಪ್ರಾಣಿಯೊಂದನ್ನು ಬಿಲದಿಂದ ಎತ್ತಿ, ಕರಿ ಟೋಪಿಯ ದೊಡ್ಡ ಮನುಷ್ಯರು ಸುತ್ತ ನಿಂತು, ಇನ್ನೂ ಆರು ವಾರ ಚಳಿಯಿದೆಯೋ ಅಂತ ಕೇಳುತ್ತಾರೆ.

ಹವಾಮಾನ ಕಚೇರಿಯವರ ಸಂಕಟವೂ ಸಣ್ಣದಲ್ಲ. 2015ರ ಜನವರಿ 26ರ ರಾತ್ರಿ ನ್ಯೂಯಾರ್ಕಿಗೆ ಎರಡಡಿ ಅಂದರು. ಹಿಮಕ್ಕೆ ಹೆದರಿ ಸಬ್‌ವೇ ರೈಲು ನಿಲ್ಲಿಸಿದ್ದು ಅದೇ ಮೊದಲು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಇಂಚು, ಎರಡಡಿ ಹೋಗಿ ಬಿದ್ದದ್ದು ಪಕ್ಕದ ಲಾಂಗ್ ಐಲೆಂಡಿನಲ್ಲಿ. ಮೌಂಟ್ ಹಾಲಿ ಕಚೇರಿಯ ಆಗಿನ ಮುಖ್ಯಸ್ಥ ಗ್ಯಾರಿ ಸ್ಝಾಟ್ಕೋವ್ಸ್ಕಿ ಟ್ವಿಟರಿನಲ್ಲಿ ಎಲ್ಲರ ಕ್ಷಮೆ ಕೇಳಿದರು. ಇಂಥ ಕ್ಷಮೆ ನೋಡಿದ್ದು ಅಪರೂಪ, ಮ್ಯಾಪ್ ಮಾವನಂತೂ ಇವತ್ತಿಗೂ ಕೇಳಿಲ್ಲ. 2017ರ ಮಾರ್ಚಿನಲ್ಲಿ ಇನ್ನೊಂದು ಬಗೆ: ಹಿಮ ಕಡಿಮೆಯಾಗುವ ಸೂಚನೆ ಹಿಂದಿನ ರಾತ್ರಿಯೇ ಸಿಕ್ಕಿದ್ದರೂ, ಅಂಕಿ ಇಳಿಸಿದರೆ ಜನ ಉಡಾಫೆ ಮಾಡುತ್ತಾರೆಂದು ಹಾಗೇ ಬಿಟ್ಟರು. ನೂರು ಜನ ಬರುವುದಿಲ್ಲ ಅಂತ ಗೊತ್ತಿದ್ದೂ ಎಲೆ ಹಾಕಿಸಿದ ಯಜಮಾನರ ಹಾಗೆ. ಹೋಗಲಿ ಅಂತ 2018ರ ನವೆಂಬರ್ 15ಕ್ಕೆ ಒಂದೆರಡು ಇಂಚು ಅಂದರೆ ಪಾರ್ಕಿನಲ್ಲಿ 6.4 ಇಂಚು ಬಿತ್ತು. ಉಪ್ಪಿನ ಲಾರಿಗಳೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವು, ಜೆರ್ಸಿಯ ಕೆಲವು ಶಾಲೆಗಳಲ್ಲಿ ಮಕ್ಕಳು ರಾತ್ರಿ ಅಲ್ಲೇ ಮಲಗಿದರು. ಹೆಚ್ಚು ಹೇಳಿದರೆ ಹಾಲು ಹುಳಿಯುತ್ತದೆ, ಕಡಿಮೆ ಹೇಳಿದರೆ ಮಕ್ಕಳು ಬೆಂಚಿನ ಮೇಲೆ ಮಲಗುತ್ತವೆ.

ನಿಜವಾಗಿ ಬಿದ್ದರೆ ಏನಾಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿಡುವುದು ಒಳ್ಳೆಯದು. 20 ಅಡಿ ಅಗಲ, 40 ಅಡಿ ಉದ್ದದ ಡ್ರೈವ್‌ವೇ ಮೇಲೆ 6 ಇಂಚು ಅಂದರೆ 400 ಘನ ಅಡಿ. ಮಾಮೂಲಿ ಹಿಮವಾದರೂ ಒಂದು ಟನ್ನಿಗೆ ಮೇಲೆ, ಒದ್ದೆ ಹಿಮವಾದರೆ ಎರಡು ಟನ್ ದಾಟುತ್ತದೆ. ಅದಕ್ಕೇ ಪೂರ್ತಿ ನಿಲ್ಲಲಿ ಅಂತ ಕಾಯದೆ ಮೂರು ನಾಲ್ಕು ಇಂಚಿಗೊಮ್ಮೆ ತಳ್ಳಿಬಿಡಬೇಕು, ಎತ್ತಬಾರದು. ಕಲ್ಲುಪ್ಪು 15 ಡಿಗ್ರಿ ಫ್ಯಾರನ್‌ಹೀಟಿನವರೆಗೆ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗಿಳಿದರೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲದಿದ್ದರೆ ರಂಗೋಲಿ ಪುಡಿ ಹಾಕಿದಷ್ಟೇ ಫಲ. ಕಾರಿನ ತಲೆಯ ಮೇಲಿನ ಹಿಮ ಒರೆಸದೆ ರಸ್ತೆಗಿಳಿದರೆ ಈ ರಾಜ್ಯದಲ್ಲಿ 25ರಿಂದ 75 ಡಾಲರ್ ದಂಡ.

ಎಲ್ಲಾ ಮುಗಿಸಿ, ಸೊಂಟ ಹಿಡಿದುಕೊಂಡು ಕಾಫಿ ಲೋಟಕ್ಕೆ ಕೈ ಹಾಕುವ ಹೊತ್ತಿಗೆ ರಸ್ತೆಯ ಹಿಮ ತಳ್ಳುವ ಪುರಸಭೆಯ ಪ್ಲೌ ಗಾಡಿ ಬಂದು ಡ್ರೈವ್‌ವೇಯ ಬಾಯಿಗೆ ಎರಡಡಿ ಎತ್ತರದ ಕಟ್ಟೆ ಕಟ್ಟಿ ಹೋಗುತ್ತದೆ. ಇದಕ್ಕೊಂದು ಉಪಾಯವಿದೆ. ರಸ್ತೆಗೆ ಮುಖ ಮಾಡಿ ನಿಂತರೆ ಗಾಡಿ ಬರುವುದು ಎಡದಿಂದ. ಹಾಗಾಗಿ ಡ್ರೈವ್‌ವೇಯ ಎಡಗಡೆ, ರಸ್ತೆಯಂಚಿನಲ್ಲಿ ಎಂಟು ಹತ್ತು ಅಡಿ ಉದ್ದ ಬಳಿದು ಖಾಲಿ ಜಾಗ ಬಿಡಬೇಕು, ತೆಗೆದ ಹಿಮವನ್ನೆಲ್ಲ ಬಲಕ್ಕೆ ಒಟ್ಟಬೇಕು. ಗಾಡಿ ಹೊತ್ತು ತಂದದ್ದು ಆ ಖಾಲಿ ಜಾಗದಲ್ಲಿ ಉದುರಿ ಬಾಯಿ ಬಯಲಾಗಿ ಉಳಿಯುತ್ತದೆ. ಇಷ್ಟು ವರ್ಷ ಇಲ್ಲಿದ್ದವರೂ ಬಲಗಡೆಯೇ ಬಳಿಯುತ್ತಾರೆ, ಯಾಕೋ.

ಸಿಟ್ಟು ಏನೇ ಇರಲಿ, ಈ ಎಂಟಿಂಚನ್ನು ಮನಸ್ಸಿಟ್ಟು ಕಾಯುವವರು ಎರಡು ಜಾತಿ. ಒಂದು ಮಕ್ಕಳು. ಶಾಲೆಗೆ ರಜೆ ಸಿಗಲಿ ಅಂತ ಪೈಜಾಮ ಉಲ್ಟಾ ಹಾಕಿಕೊಂಡು, ದಿಂಬಿನಡಿ ಚಮಚ ಇಟ್ಟುಕೊಂಡು ಮಲಗುತ್ತಾರೆ. ಬೆಳಗಿನ ಜಾವ ಫೋನು ಬಂದು 'ಎರಡು ಗಂಟೆ ತಡವಾಗಿ ಶುರು' ಅಂದರೆ ಮುಖ ನೋಡಲಾಗುವುದಿಲ್ಲ. ಇನ್ನೊಂದು, ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ. ಆರು ತಿಂಗಳು ಇರಬಹುದು ಅಂತ ಸೆಪ್ಟೆಂಬರಿಗೆ ಬಂದು, ಎಲೆ ಉದುರಿದ್ದು ನೋಡಿ, ಸ್ನೋ ಒಂದು ನೋಡಿಕೊಂಡೇ ಹೋಗೋಣ ಅಂತ ಟಿಕೆಟನ್ನು ಫೆಬ್ರವರಿಗೆ ಇಟ್ಟಿರುತ್ತಾರೆ. ರಾತ್ರಿ ಮೂರು ಸಲ ಎದ್ದು ಪರದೆ ಸರಿಸಿ ಬೀದಿದೀಪದ ಕೆಳಗೆ ನೋಡುತ್ತಾರೆ. 'ಬಂತೇನೋ?' 'ಇಲ್ಲಮ್ಮ, ಮಳೆ. ಮಲಕ್ಕೋ.' ಸೆಂಟ್ರಲ್ ಪಾರ್ಕಿನಲ್ಲಿ 701 ದಿನ ಸಾಲಾಗಿ, ಯಾವೊಂದು ದಿನವೂ ಒಂದು ಇಂಚು ಹಿಮ ಬೀಳದೆ ಹೋಗಿ, ಅದು ಮುರಿದದ್ದು 2024ರ ಜನವರಿಯಲ್ಲಿ. ಆ ಎರಡು ಚಳಿಗಾಲಗಳಲ್ಲಿ ಜೆರ್ಸಿಗೆ ಬಂದ ಎಷ್ಟೋ ಅತ್ತೆಯರು ಪೆಟ್ಟಿಗೆಯಲ್ಲಿಟ್ಟ ಹೊಸ ಉಣ್ಣೆ ಟೋಪಿಯನ್ನು ಚೀಟಿ ಸಮೇತ ವಾಪಸು ಒಯ್ದಿದ್ದಾರೆ.

ಅವರಿಗಾಗಿ ಇಲ್ಲಿನವರು ಕಂಡುಕೊಂಡ ದಾರಿಯೊಂದಿದೆ. ಐಸ್ ಸ್ಕೇಟಿಂಗ್ ರಿಂಕುಗಳಲ್ಲಿ ನೆಲ ನುಣುಪು ಮಾಡುವ ಜಾಂಬೋನಿ ಗಾಡಿ, ಮೇಲಿನ ಪದರ ಹೆರೆದು ಬಂದ ಪುಡಿಯನ್ನು ಕಟ್ಟಡದ ಹಿಂದೆ ತಂದು ಸುರಿಯುತ್ತದೆ. ಮಂಡಿಯುದ್ದದ ಬಿಳಿ ಗುಡ್ಡೆ. ಹಿಂದಿನ ಕಸದ ಡಬ್ಬ, ಪಾರ್ಕಿಂಗಿನ ಹಳದಿ ಗೆರೆ ಕಾಣದ ಹಾಗೆ ಫೋನನ್ನು ಸ್ವಲ್ಪ ಕೆಳಗೆ ಹಿಡಿಯಬೇಕು. ಅತ್ತೆಯವರು ಸೀರೆಯ ಮೇಲೆ ಜಾಕೆಟ್ಟು, ಕಾಲಿಗೆ ಮೊಮ್ಮಗಳ ಬೂಟು ಹಾಕಿಕೊಂಡು, ಒಂದು ಹಿಡಿ ಎತ್ತಿ ಮಾವನವರ ಕಡೆ ಎಸೆಯುತ್ತಾರೆ. ಮಾವನವರು ತಪ್ಪಿಸಿಕೊಳ್ಳುವುದಿಲ್ಲ.